ಟಿವಿ ರೆಕಾರ್ಡಿಂಗ್‌ನಿಂದ ಮಾಡಿದ ಡಿವಿಡಿಯಲ್ಲಿ ಮಾತು ತುಟಿಗಿಂತ ಮುಂದೆ ಓಡುತ್ತಿದ್ದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ಓದಿದೆ. ತಂದೆಯವರು ಚಂದನ ವಾಹಿನಿಯಲ್ಲಿ ತತ್ವಪದ ಹಾಡಿದ ಕಾರ್ಯಕ್ರಮವನ್ನು ಮೂಡಿಗೆರೆಯ ಮನೆಯಲ್ಲಿ ಫ್ರೀ ಡಿಶ್ ಬಾಕ್ಸ್‌ನಿಂದ ಪೆನ್‌ಡ್ರೈವ್‌ಗೆ ರೆಕಾರ್ಡ್ ಮಾಡಿಕೊಂಡಿದ್ದೀರಿ. ಬಾಕ್ಸ್ ಅದನ್ನು ಎರಡು ಫೈಲ್ ಮಾಡಿದೆ. ಅಜ್ಜಿಗೆ ತೋರಿಸೋಣ ಅಂತ ಡಿವಿಡಿ ಮಾಡಿದ್ದೀರಿ. ಶುರುವಿನಲ್ಲಿ ಸರಿ ಇದೆ, ಅರ್ಧಕ್ಕೆ ಬರುವಷ್ಟರಲ್ಲಿ ಹಾಡು ತುಟಿಗಿಂತ ಮುಂದೆ ಹೋಗುತ್ತದೆ, ಕೊನೆಯಲ್ಲಿ ಒಂದು ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ. ಡಿಲೇ ಕೊಟ್ಟರೆ, ಅಂದರೆ ಧ್ವನಿಯನ್ನೆಲ್ಲ ಒಂದೇ ಅಳತೆಗೆ ತಡಮಾಡಿದರೆ, ಕೊನೆ ಸರಿಹೋಗಿ ಶುರು ಕೆಡುತ್ತದೆ. ಮೂಲ ಫೈಲ್ ಮಾತ್ರ ಕಂಪ್ಯೂಟರ್‌ನ ವಿಎಲ್‌ಸಿ ಪ್ಲೇಯರ್‌ನಲ್ಲಿ ಸರಿಯಾಗಿಯೇ ಓಡುತ್ತದೆ.

ಈ ಕೊನೆಯ ಮಾತು ತುಂಬಾ ಒಳ್ಳೆಯ ಸುದ್ದಿ. ನಿಮ್ಮ ರೆಕಾರ್ಡಿಂಗ್ ಕೆಟ್ಟಿಲ್ಲ. ಅದನ್ನು ಡಿವಿಡಿಗೆ ತರುವ ದಾರಿಯಲ್ಲಿ ಎಲ್ಲೋ ಸಮಯದ ಲೆಕ್ಕ ಕಳೆದುಹೋಗಿದೆ. ಹಾಗಾಗಿ ಡಿವಿಡಿಯನ್ನು ರಿಪೇರಿ ಮಾಡಲು ಹೋಗಬೇಡಿ. ಮೂಲ ಫೈಲ್‌ನಿಂದಲೇ ಮತ್ತೆ ಶುರು ಮಾಡಿ. ಕೆಲಸ ಪೂರ್ತಿ ಮುಗಿಯುವವರೆಗೂ ಬಾಕ್ಸ್ ಬರೆದ ಆ ಮೂಲ ಟಿಎಸ್ ಫೈಲ್‌ಗಳನ್ನು ಅಳಿಸಬೇಡಿ. ಆಮೇಲೂ ಅಳಿಸಬೇಡಿ.

ಹಾಸನದಲ್ಲಿ ಮದುವೆ ವೀಡಿಯೋ ಎಡಿಟಿಂಗ್ ನನ್ನ ಕೆಲಸ. ಟಿವಿಯಲ್ಲಿ ಬಂದದ್ದನ್ನು ಡಿವಿಡಿ ಮಾಡಿಕೊಡಿ ಅಂತ ಬರುವವರು ಈಗಲೂ ಇದ್ದಾರೆ. ಬೇಲೂರಿನ ತೇರು, 2018ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ, ಮಗಳ ಭರತನಾಟ್ಯ, ಹೀಗೆ. ಮನೆಯವರೊಬ್ಬರು ಟಿವಿಯಲ್ಲಿ ಹಾಡಿದ್ದನ್ನು ಇಟ್ಟುಕೊಳ್ಳುವಾಗ ಹಾಡಿಗೂ ಬಾಯಿಗೂ ಹೊಂದಲೇಬೇಕು. ಅರ್ಧ ಸೆಕೆಂಡ್ ತಾನೇ ಅಂತ ಬಿಡುವ ವಿಷಯ ಅಲ್ಲ ಇದು. ನೀವು ಬಿಡದೆ ಹಿಡಿದು ಕೂತಿರುವುದು ಸರಿಯಾಗೇ ಇದೆ.

ಮೊದಲು ಯಾಕೆ ಹೀಗಾಗುತ್ತದೆ ನೋಡೋಣ. ಉಪಗ್ರಹದಿಂದ ಬರುವ ಚಾನೆಲ್ 188 ಬೈಟ್‌ಗಳ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಬರುತ್ತದೆ. ಚಿತ್ರದ ಪ್ಯಾಕೆಟ್ ಬೇರೆ, ಧ್ವನಿಯ ಪ್ಯಾಕೆಟ್ ಬೇರೆ, ಎಲ್ಲ ಒಂದೇ ಸಾಲಿನಲ್ಲಿ ಬೆರೆತಿರುತ್ತವೆ. ಇದನ್ನು ಯಾವ ಕ್ಷಣದಲ್ಲಿ ತೋರಿಸಬೇಕು, ಇದನ್ನು ಯಾವ ಕ್ಷಣದಲ್ಲಿ ಕೇಳಿಸಬೇಕು ಅಂತ ಜೊತೆಯಲ್ಲೇ ಸಮಯದ ಗುರುತು ಇರುತ್ತದೆ. ಸೆಕೆಂಡನ್ನು 90,000 ಭಾಗ ಮಾಡಿ ಎಣಿಸುವ ಗಡಿಯಾರದ ಲೆಕ್ಕ ಅದು. ವಿಎಲ್‌ಸಿ ಆ ಗುರುತು ನೋಡಿಕೊಂಡೇ ಓಡಿಸುತ್ತದೆ. ಮಧ್ಯದಲ್ಲಿ ಒಂದಿಷ್ಟು ಪ್ಯಾಕೆಟ್ ಹಾಳಾಗಿದ್ದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಆದರೆ ಮುಂದಿನ ಗುರುತು ಸಿಕ್ಕ ಕೂಡಲೇ ಎರಡೂ ಮತ್ತೆ ಜೊತೆಯಾಗುತ್ತವೆ.

ಡಿವಿಡಿ ಮಾಡುವ ಸಾಫ್ಟ್‌ವೇರ್‌ಗಳಲ್ಲಿ ಎಷ್ಟೋ ಮೊದಲು ಚಿತ್ರವನ್ನೂ ಧ್ವನಿಯನ್ನೂ ಎರಡು ಫೈಲ್ ಮಾಡಿ ಬೇರ್ಪಡಿಸುತ್ತವೆ. ಎಡವಟ್ಟು ಆಗುವುದು ಇಲ್ಲಿ. ಬೇರ್ಪಡಿಸಿದ ಧ್ವನಿಯ ಫೈಲ್‌ನಲ್ಲಿ ಸಮಯದ ಗುರುತು ಉಳಿಯುವುದಿಲ್ಲ. ಒಂದರ ಹಿಂದೆ ಒಂದು ಧ್ವನಿಯ ತುಣುಕು, ಅಷ್ಟೇ. ಇಂಥ ಚಾನೆಲ್‌ಗಳಲ್ಲಿ ಬರುವ ಎಂಪಿ2 ಬಗೆಯ ಧ್ವನಿಯಲ್ಲಿ ಒಂದು ತುಣುಕು 24 ಮಿಲಿಸೆಕೆಂಡ್. ಮಳೆಗೆ ಸಿಗ್ನಲ್ ಹೋಗಿ 20 ತುಣುಕು ಕಳೆದಿದ್ದರೆ ಆ ಖಾಲಿ ಜಾಗ ಮುಚ್ಚಿಕೊಂಡು, ಅಲ್ಲಿಂದ ಮುಂದಿನ ಹಾಡೆಲ್ಲ 480 ಮಿಲಿಸೆಕೆಂಡ್ ಮುಂದಕ್ಕೆ ಬರುತ್ತದೆ. ಇನ್ನೊಂದು ಸಲ 30 ಹೋದರೆ ಒಟ್ಟು 1.2 ಸೆಕೆಂಡ್. ನಿಮ್ಮ ಡಿವಿಡಿಯಲ್ಲಿ ಆಗಿರುವುದು ಇದೇ ಅಂತ ನನ್ನ ಅಂದಾಜು. ಚಿತ್ರದ ಕಡೆಯೇ ಜಾಸ್ತಿ ಕಳೆದಿದ್ದರೆ ಇದೇ ತೊಂದರೆ ಉಲ್ಟಾ ಆಗಿ ಮಾತು ಹಿಂದೆ ಬೀಳುತ್ತದೆ.

ಇದು ಉಪಗ್ರಹದ ದೋಷವಾ ಅಂತ ನಮ್ಮೂರಿನವರು ಕೇಳುವುದುಂಟು. ಜಿಸ್ಯಾಟ್‌ನಂಥ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋದ ಎಂಸಿಎಫ್ ಕೇಂದ್ರ 1982ರಿಂದ ಹಾಸನದಲ್ಲೇ ಇದೆಯಲ್ಲ, ಅದಕ್ಕೆ. ಉಪಗ್ರಹದ್ದೇನೂ ತಪ್ಪಿಲ್ಲ. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ, 11 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಆ ತರಂಗಗಳನ್ನು ದಪ್ಪ ಮಳೆ ಹೀರಿಕೊಳ್ಳುತ್ತದೆ. ಮೂಡಿಗೆರೆ, ಸಕಲೇಶಪುರದ ಮಳೆ ಗೊತ್ತಲ್ವಾ? ಜುಲೈನಲ್ಲಿ ರೆಕಾರ್ಡ್ ಮಾಡಿದ್ದರೆ ಒಂದೆರಡು ಕಡೆ ತುಂಡಾಗಿರುವುದು ಸಹಜ.

ಈಗ ಸರಿಮಾಡುವುದಕ್ಕೆ ಮುಂಚೆ ಒಂದು ಕೆಲಸ. ವ್ಯತ್ಯಾಸ ಎಷ್ಟಿದೆ ಅಂತಷ್ಟೇ ನೋಡಬೇಡಿ, ಅದು ಹೇಗೆ ಬೆಳೆಯುತ್ತದೆ ಅಂತ ನೋಡಿ. ಶುರುವಿನಿಂದ ಕೊನೆವರೆಗೆ ಒಂದೇ ಅಳತೆ ಇದ್ದರೆ ಅದು ಒಂದು ಕಾಯಿಲೆ. ನಿಧಾನಕ್ಕೆ, ಸಮನಾಗಿ ಬೆಳೆಯುತ್ತಾ ಹೋದರೆ ಇನ್ನೊಂದು. ಸ್ವಲ್ಪ ಹೊತ್ತು ಸ್ಥಿರವಾಗಿದ್ದು ಥಟ್ಟನೆ ಹಾರಿ, ಮತ್ತೆ ಸ್ಥಿರವಾಗಿದ್ದರೆ ಮೂರನೆಯದು. ಮೂರಕ್ಕೂ ಮದ್ದು ಬೇರೆ ಬೇರೆ. ಡಿಲೇ ಕೆಲಸ ಮಾಡುವುದು ಮೊದಲನೆಯದಕ್ಕೆ ಮಾತ್ರ.

ಅಳೆಯುವುದು ಕಷ್ಟವಲ್ಲ. ತತ್ವಪದದವರ ಕೈಯಲ್ಲಿ ತಾಳ ಇರುತ್ತದೆ. ನಿಮ್ಮ ತಂದೆಯವರ ಜೊತೆ ಕೂತವರಲ್ಲಿ ಯಾರಾದರೂ ತಾಳ ಹಾಕುತ್ತಿರುವ, ಕೈ ಚೆನ್ನಾಗಿ ಕಾಣುವ ಜಾಗ ಹುಡುಕಿ. ಡಿವಿಡಿಯ ಫೈಲನ್ನು ಎವಿಡೆಮಕ್ಸ್ ಅನ್ನುವ ವೀಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ತೆರೆದು ಬಾಣದ ಕೀಲಿ ಒತ್ತುತ್ತಾ ಒಂದೊಂದೇ ಫ್ರೇಮ್ ಮುಂದೆ ಹೋಗಿ. ನಮ್ಮ ಟಿವಿ ಸೆಕೆಂಡಿಗೆ 25 ಫ್ರೇಮ್, ಅಂದರೆ ಒಂದು ಫ್ರೇಮ್ 40 ಮಿಲಿಸೆಕೆಂಡ್. ಎರಡು ತಾಳದ ಬಟ್ಟಲೂ ಮುಟ್ಟುವ ಫ್ರೇಮ್‌ನ ಸಮಯ ಬರೆದುಕೊಳ್ಳಿ. ಅದೇ ಡಿವಿಡಿ ಫೈಲ್‌ನ ಧ್ವನಿಯನ್ನು ಆಡಾಸಿಟಿ ಅನ್ನುವ ಧ್ವನಿ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ತೆರೆದರೆ ತಾಳದ ಪೆಟ್ಟು ಗೆರೆಯ ಮೇಲೆ ಚೂಪಾಗಿ ಎದ್ದು ಕಾಣುತ್ತದೆ. ಎರಡರ ವ್ಯತ್ಯಾಸವೇ ನಿಮ್ಮ ಅಳತೆ. ತಾಳ ಕಾಣದಿದ್ದರೆ ಹಾಡುವವರ ತುಟಿ ನೋಡಿ. ಪ, ಬ ಹೇಳುವಾಗ ತುಟಿ ಪೂರ್ತಿ ಮುಚ್ಚಿ ತೆರೆಯುತ್ತದೆ, ತೆರೆದ ಕ್ಷಣಕ್ಕೆ ಧ್ವನಿ ಸಿಡಿಯುತ್ತದೆ. ಬೇರೆ ಅಕ್ಷರಗಳಲ್ಲಿ ಇಷ್ಟು ಖಚಿತ ಸಿಗುವುದಿಲ್ಲ.

ಹೀಗೆ ಹತ್ತು ಹದಿನೈದು ನಿಮಿಷಕ್ಕೊಂದು ಕಡೆ ಅಳೆಯಿರಿ. ಸೊನ್ನೆ, ಸೊನ್ನೆ, 480, 480, 1200 ಅಂತ ಬಂದರೆ ಅದು ಮೆಟ್ಟಿಲಿನ ಹಾಗೆ ಹಾರುವ ಆ ಮೂರನೆಯ ಬಗೆ. ಯಾವ ಜಾಗದಲ್ಲಿ ಹಾರಿದೆಯೋ ಆ ಜಾಗವನ್ನು ಮೂಲ ಫೈಲ್‌ನಲ್ಲಿ ನೋಡಿ. ಚಿತ್ರ ಒಡೆದಿರುತ್ತದೆ, ಇಲ್ಲವೇ ಮೊದಲ ಫೈಲ್ ಮುಗಿದು ಎರಡನೆಯದು ಶುರುವಾಗುವ ಜಾಗ ಅದೇ ಆಗಿರುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ, ಅದಕ್ಕೇ ಬಾಕ್ಸ್ ತುಂಡು ಮಾಡುತ್ತದೆ.

ಮೆಟ್ಟಿಲಿಗೆ ನಾನು ನಂಬುವುದು ಪ್ರಾಜೆಕ್ಟ್ಎಕ್ಸ್ ಅನ್ನುವ ಉಚಿತ ಸಾಫ್ಟ್‌ವೇರ್. ಹಳೆಯದು, ನೋಡಲು ಚಂದವಿಲ್ಲ, ಓಡಿಸಲು ಜಾವಾ ಬೇಕು. ಆದರೆ ಈ ಕೆಲಸಕ್ಕೆಂದೇ ಹುಟ್ಟಿದ್ದು. ಚಿತ್ರ, ಧ್ವನಿ ಬೇರ್ಪಡಿಸುವಾಗಲೇ ಅದು ಸಮಯದ ಗುರುತುಗಳನ್ನು ಓದುತ್ತದೆ. ಧ್ವನಿಯ ತುಣುಕು ಕಳೆದ ಕಡೆ ಅಷ್ಟೇ ಅಳತೆಯ ಮೌನ ತುಂಬುತ್ತದೆ. ಚಿತ್ರ ಕಳೆದ ಕಡೆ ಹೆಚ್ಚಾಗಿ ಉಳಿದ ಧ್ವನಿಯನ್ನು ತೆಗೆಯುತ್ತದೆ. ನಿಮ್ಮ ಎರಡೂ ಫೈಲ್‌ಗಳನ್ನು ಕ್ರಮವಾಗಿ ಒಂದೇ ಪಟ್ಟಿಯಲ್ಲಿ ಹಾಕಿ ಒಟ್ಟಿಗೆ ಓಡಿಸಿ. ಬೇರೆ ಬೇರೆ ಓಡಿಸಿ ಆಮೇಲೆ ಅಂಟಿಸಬೇಡಿ, ಅಂಟಿಸಿದ ಜಾಗದಲ್ಲಿ ಮತ್ತೆ ಜಾರುತ್ತದೆ.

ಮುಗಿದ ಮೇಲೆ ಒಂದು ಲಾಗ್ ಬರುತ್ತದೆ. ಅದನ್ನು ಓದದೆ ಮುಚ್ಚಬೇಡಿ. ಎಷ್ಟು ತುಣುಕು ಬರೆದೆ, ಎಷ್ಟು ಬಿಟ್ಟೆ, ಎಷ್ಟು ಸೇರಿಸಿದೆ ಅಂತ ಅದರಲ್ಲಿರುತ್ತದೆ. ಸೇರಿಸಿದ ಸಂಖ್ಯೆಯನ್ನು 24ರಿಂದ ಗುಣಿಸಿದರೆ ನೀವು ತಾಳ ನೋಡಿ ಅಳೆದದ್ದಕ್ಕೆ ಹತ್ತಿರ ಬರಬೇಕು. ಬಂದರೆ ರೋಗ ಸಿಕ್ಕಿತು ಅಂತ ಧೈರ್ಯವಾಗಿ ಮುಂದೆ ಹೋಗಬಹುದು.

ಜಾಹೀರಾತು ಕತ್ತರಿಸುವುದಿದ್ದರೆ ಇದಾದ ಮೇಲೆಯೇ. ಚಿತ್ರ 40 ಮಿಲಿಸೆಕೆಂಡ್ ಲೆಕ್ಕದಲ್ಲಿ, ಧ್ವನಿ 24ರ ಲೆಕ್ಕದಲ್ಲಿ ಹೋಗುವುದರಿಂದ ಎರಡರ ಅಂಚೂ ಕೂಡುವುದು 120 ಮಿಲಿಸೆಕೆಂಡಿಗೊಮ್ಮೆ ಮಾತ್ರ. ಒಳ್ಳೆಯ ಸಾಫ್ಟ್‌ವೇರ್ ಆ ಉಳಿಕೆಯನ್ನು ಮುಂದಿನ ಕತ್ತರಿಗೆ ಲೆಕ್ಕ ಹಿಡಿಯುತ್ತದೆ. ಹಿಡಿಯದಿದ್ದರೆ ಪ್ರತಿ ಬ್ರೇಕ್‌ಗೂ ಸ್ವಲ್ಪ ಸ್ವಲ್ಪ ಸೇರಿಕೊಳ್ಳುತ್ತದೆ. ಮತ್ತೆ ಎನ್‌ಕೋಡ್ ಮಾಡದೆ, ಅಂದರೆ ಚಿತ್ರವನ್ನು ಹೊಸದಾಗಿ ಕುಗ್ಗಿಸಿ ಬರೆಯದೆ, ಕತ್ತರಿಸುವುದಾದರೆ ಐ-ಫ್ರೇಮ್ (ಬೇರೆ ಫ್ರೇಮ್‌ಗಳ ನೆರವಿಲ್ಲದೆ ತಾನೇ ಪೂರ್ತಿ ಚಿತ್ರವಾಗಿರುವ ಫ್ರೇಮ್) ಮೇಲೆಯೇ ಶುರುವಾಗಬೇಕು, ಅದು ಸುಮಾರು ಅರ್ಧ ಸೆಕೆಂಡಿಗೊಂದು ಬರುತ್ತದೆ. ಎವಿಡೆಮಕ್ಸ್‌ನಲ್ಲಿ ಯಾವ ಫ್ರೇಮ್ ಅಂತ ಕೆಳಗಡೆ ಅಕ್ಷರದಲ್ಲಿ ತೋರಿಸುತ್ತದೆ.

ಚಾನೆಲ್‌ನ ಚಿತ್ರ ಎಂಪೆಗ್-2 ಬದಲು ಎಂಪೆಗ್-4 ಅನ್ನುವ ಎನ್‌ಕೋಡಿಂಗ್ ಬಗೆಯಲ್ಲಿ ಬರುತ್ತಿದ್ದರೆ ಪ್ರಾಜೆಕ್ಟ್ಎಕ್ಸ್ ಅದನ್ನು ಮುಟ್ಟುವುದಿಲ್ಲ. ಡಿವಿಡಿಗೆ ಹೇಗೂ ಎಂಪೆಗ್-2 ಬೇಕಲ್ಲ, ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸಿ ಪಾಲ್ (ನಮ್ಮ ದೇಶದ 25 ಫ್ರೇಮ್ ಟಿವಿ ಮಾದರಿ) ಡಿವಿಡಿ ಟಾರ್ಗೆಟ್ ಆಯ್ಕೆಯಲ್ಲಿ ಎನ್‌ಕೋಡ್ ಮಾಡಿ. ಧ್ವನಿಗೆ ಎರೀಸ್ಯಾಂಪಲ್ ಫಿಲ್ಟರ್ ಹಾಕಿ ಅದರ ಅಸಿಂಕ್ ಬೆಲೆ 1 ಅಂತ ಕೊಡಿ. ಗುರುತುಗಳ ಮಧ್ಯೆ ಖಾಲಿ ಇದ್ದ ಕಡೆ ಅದೂ ಮೌನ ತುಂಬುತ್ತದೆ. ಮೂಲ ಟಿಎಸ್ ಫೈಲನ್ನೇ ನೇರವಾಗಿ ಕೊಡಿ, ಮೊದಲೇ ಬೇರ್ಪಡಿಸಿ ಕೊಟ್ಟರೆ ಫಿಲ್ಟರ್‌ಗೆ ನೋಡಲು ಗುರುತೇ ಇರುವುದಿಲ್ಲ.

ಇನ್ನೊಂದು ವಿಷಯ ನೋಡಿಕೊಳ್ಳಿ. ಕೆಲವು ಚಾನೆಲ್‌ಗಳು 544 ಪಿಕ್ಸೆಲ್ ಅಗಲದ ಚಿತ್ರ ಕಳಿಸುತ್ತವೆ. ಡಿವಿಡಿ ನಿಯಮದಲ್ಲಿ ಪಾಲ್‌ಗೆ 720, 704, 352 ಅಗಲ ಮಾತ್ರ ಇದೆ. ನಿಮ್ಮದು 544 ಇದ್ದರೆ ಮೊದಲು ಸಿಂಕ್ (ಚಿತ್ರ, ಧ್ವನಿಯ ಹೊಂದಿಕೆ) ರಿಪೇರಿ, ರಿಪೇರಿಯಾದ ಜೋಡಿಯನ್ನು ಒಂದೇ ಫೈಲ್ ಮಾಡುವುದು, ಆಮೇಲೆ ಎನ್‌ಕೋಡ್. ಈ ಕ್ರಮ ತಪ್ಪಿಸಬೇಡಿ. 720 ಇದ್ದರೆ ಡಿವಿಡಿಸ್ಟೈಲರ್ ಅನ್ನುವ ಡಿವಿಡಿ ಮಾಡುವ ಸಾಫ್ಟ್‌ವೇರ್‌ನಲ್ಲಿ ಚಿತ್ರಕ್ಕೂ ಧ್ವನಿಗೂ ಕಾಪಿ ಅಂತ ಆರಿಸಿ, ಸುಮ್ನೆ ಮತ್ತೆ ಎನ್‌ಕೋಡ್ ಮಾಡಿಸಬೇಡಿ. ಧ್ವನಿ 48 ಕಿಲೋಹರ್ಟ್ಸ್, ಪಾಲ್ ಆಯ್ಕೆ, ಅಷ್ಟು ನೋಡಿಕೊಂಡರೆ ಸಾಕು.

ನಿಮ್ಮದಲ್ಲದಿದ್ದರೂ ಇದನ್ನು ಓದುವ ಬೇರೆಯವರಿಗಾಗಿ ಉಳಿದೆರಡು ಬಗೆ. ಮೊದಲಿಂದ ಕೊನೆಗೆ ಒಂದೇ ವ್ಯತ್ಯಾಸ ಇದ್ದರೆ ಬಹಳ ಸಲ ರೆಕಾರ್ಡಿಂಗ್ ಶುರುವಾದ ಜಾಗದ ತೊಂದರೆ. ಧ್ವನಿ ತಕ್ಷಣ ಶುರುವಾಗುತ್ತದೆ, ಚಿತ್ರ ಮಾತ್ರ ಮೊದಲ ಐ-ಫ್ರೇಮ್‌ಗೆ ಕಾಯುತ್ತದೆ. ಅಲ್ಲಿಯವರೆಗಿನ ಧ್ವನಿ ಹೆಚ್ಚಾಗಿ ಉಳಿದಿರುತ್ತದೆ. ವಿಎಲ್‌ಸಿಯಲ್ಲಿ ಜೆ, ಕೆ ಕೀಲಿ ಒತ್ತಿದರೆ ಧ್ವನಿ 50 ಮಿಲಿಸೆಕೆಂಡ್ ಹಿಂದೆ ಮುಂದೆ ಸರಿಯುತ್ತದೆ. ಅದರಲ್ಲಿ ಅಳತೆ ಹಿಡಿದು ಅಷ್ಟೇ ಡಿಲೇ ಕೊಡಿ.

ಸಮನಾಗಿ ಜಾರುತ್ತಾ ಹೋಗುವುದು ಹಳೆಯ ವಿಎಚ್‌ಎಸ್ ಕ್ಯಾಸೆಟ್‌ನಿಂದ ಕ್ಯಾಪ್ಚರ್ ಮಾಡಿದಾಗ ಜಾಸ್ತಿ. ಚಿತ್ರ ಒಂದು ಕಾರ್ಡ್‌ನಿಂದ, ಧ್ವನಿ ಕಂಪ್ಯೂಟರ್‌ನ ಸೌಂಡ್ ಕಾರ್ಡ್‌ನಿಂದ ಬಂದರೆ ಎರಡರ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಸಾವಿರಕ್ಕೆ ಒಂದು ಪಾಲು ವ್ಯತ್ಯಾಸ ಇದ್ದರೂ ಗಂಟೆಗೆ 3.6 ಸೆಕೆಂಡ್ ಆಗುತ್ತದೆ. ಚಿತ್ರದ ಒಟ್ಟು ಸಮಯ, ಧ್ವನಿಯ ಒಟ್ಟು ಸಮಯ ನೋಡಿ, ಆಡಾಸಿಟಿಯಲ್ಲಿ ಅಷ್ಟು ಪ್ರಮಾಣಕ್ಕೆ ವೇಗ ಬದಲಿಸಿ. ಟೆಂಪೋ ಬದಲಿಸುವ ಆಯ್ಕೆ ಬೇಡ, ಅದರಲ್ಲಿ ತಾಳದ ನಾದ ಹಾಳಾಗುತ್ತದೆ. ಇಷ್ಟು ಸಣ್ಣ ವೇಗದ ವ್ಯತ್ಯಾಸಕ್ಕೆ ಶ್ರುತಿ ಬದಲಾದದ್ದು ಕಿವಿಗೆ ಗೊತ್ತಾಗುವುದಿಲ್ಲ.

ಎಷ್ಟು ಸರಿಯಾದರೆ ಸಾಕು ಅಂತ ಕೇಳಿದರೆ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಧ್ವನಿ 45 ಮಿಲಿಸೆಕೆಂಡ್ ಮುಂದಾದರೆ ನೋಡುವವರಿಗೆ ಗೊತ್ತಾಗುತ್ತದೆ, ಹಿಂದಾದರೆ 125ರವರೆಗೆ ಗೊತ್ತಾಗುವುದಿಲ್ಲ. ದೂರದ ಸದ್ದು ತಡವಾಗಿ ಬರುವುದು ನಮಗೆ ಅಭ್ಯಾಸ, ಮುಂಚೆ ಬರುವುದು ಅಲ್ಲ. ನಿಮ್ಮದು ಮುಂದೆ ಓಡುವ ಬಗೆ, ಹಾಗಾಗಿ ಒಂದು ಫ್ರೇಮ್ ಒಳಗೆ ತನ್ನಿ.

ಬರ್ನ್ ಮಾಡುವ ಮುಂಚೆ ವೀಡಿಯೋ ಟಿಎಸ್ ಫೋಲ್ಡರ್, ಅಂದರೆ ಡಿಸ್ಕಿಗೆ ಹೋಗುವ ಫೈಲ್‌ಗಳ ಫೋಲ್ಡರ್, ಮಾಡಿಕೊಂಡು ಕಂಪ್ಯೂಟರ್‌ನಲ್ಲೇ ನೋಡಿ. ಶುರು ನೋಡಿ ಸಮಾಧಾನ ಪಡಬೇಡಿ, ಹಾರಿದ್ದ ಜಾಗಗಳ ಆಚೆ ಈಚೆ ನೋಡಿ, ಕೊನೆಯ ಹಾಡು ನೋಡಿ. ಮೊದಲು ಅಳಿಸಿ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕ್‌ಗೆ ಹಾಕಿ ಅಜ್ಜಿಯ ಮನೆಯ ಪ್ಲೇಯರ್‌ನಲ್ಲೇ ಓಡಿಸಿ. ಅಲ್ಲಿ ಮಾತ್ರ ಎಲ್ಲ ಕಡೆ ಒಂದೇ ಸಮನೆ ತಪ್ಪಿದ್ದರೆ ಅದು ಡಿಸ್ಕಿನದಲ್ಲ. ಹೊಸ ಎಲ್‌ಇಡಿ ಟಿವಿಗಳು ಚಿತ್ರವನ್ನು ತಿದ್ದಿ ತೋರಿಸಲು ಸಮಯ ತೆಗೆದುಕೊಳ್ಳುತ್ತವೆ, ಧ್ವನಿ ಬೇರೆ ಸ್ಪೀಕರ್‌ಗೆ ನೇರ ಹೋದರೆ ಮುಂಚೆ ಕೇಳಿಸುತ್ತದೆ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಇಲ್ಲವೇ ಸ್ಪೀಕರ್‌ನ ಲಿಪ್ ಸಿಂಕ್ ಸೆಟ್ಟಿಂಗ್ ನೋಡಿ.

ಪ್ರಾಜೆಕ್ಟ್ಎಕ್ಸ್ ಓಡಿಸಿದ ಮೇಲೂ ಅಳತೆ ಹೊಂದದಿದ್ದರೆ ಲಾಗ್‌ನಲ್ಲಿ ಧ್ವನಿಯ ತುಣುಕಿನ ಲೆಕ್ಕ ಇರುವ ಸಾಲನ್ನೂ, ನಿಮ್ಮ ಅಳತೆಗಳನ್ನೂ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.