ತೋಮ ಕೇಳಿದ ಲೆಕ್ಕ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಕಳೆದ ಸಂಚಿಕೆಯ ಕತೆ ಓದಿ ಸಿಟ್ಟಾದ ಮುಂಬಯಿಯ ಅಂಧೇರಿಯ ಹಿರಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: ಕತೆ ಕ್ರೈಸ್ತ ನಂಬಿಕೆಯನ್ನು ಗೇಲಿ ಮಾಡಿದೆ. ಹೊರಗಿನವರ ಮುಂದೆ ನಮ್ಮ ಮರ್ಯಾದೆ ಹೋಯಿತು. ಈಗಿನ ಮಕ್ಕಳಲ್ಲಿ ಇರುವ ಅನುಮಾನವೇ ಸಾಲದಾ? ಬರೆದವರು ಯಾರು, ನಮ್ಮವರಾ? ನನ್ನ ಚಂದಾ ನಿಲ್ಲಿಸಿ.

ಕತೆ ಓದದವರಿಗೆ ಎರಡು ಮಾತು. ಡೊಂಬಿವಲಿಯಲ್ಲಿ ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ಆರಾಧನೆ ನಡೆಸುವ ಪುಟ್ಟ ಕನ್ನಡ ಸಭೆ. ಅಲ್ಲಿಗೆ ಯೇಸುವಿನ ಶಿಷ್ಯ ತೋಮ, ಸತ್ತ ಯೇಸು ಎದ್ದದ್ದನ್ನು ಗಾಯ ನೋಡದೆ ನಂಬೆ ಅಂದವನು, ಹೊಸ ಸದಸ್ಯನಾಗಿ ಬರುತ್ತಾನೆ. ಪಾಸ್ಟರ್ ರೀಲ್ಸ್ ಮಾಡುತ್ತಾರೆ. ಕೆಳಗೆ 'ಆಮೆನ್' ಎಂದು ಟೈಪ್ ಮಾಡದವರಿಗೆ ಆಶೀರ್ವಾದ ತಡವಾಗುತ್ತದಂತೆ. ಕಾಣಿಕೆ ಚೀಲಕ್ಕೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ತೋಮ ಇದಕ್ಕೆಲ್ಲ ತಲೆಯಾಡಿಸುತ್ತಾನೆ. ಕೊನೆಗೆ ಒಂದೇ ಒಂದು ಮಾತು ಕೇಳುತ್ತಾನೆ: ಕಟ್ಟಡ ನಿಧಿಯ ಲೆಕ್ಕದ ಪುಸ್ತಕ ಸ್ವಲ್ಪ ತೋರಿಸ್ತೀರಾ? "ನೋಡದೆ ನಂಬಿದವರೇ ಧನ್ಯರು ಬ್ರದರ್" ಎಂದು ಖಜಾಂಚಿ ತೋಮನಿಗೇ ಉಪದೇಶ ಮಾಡುತ್ತಾನೆ.

ಹಿರಿಯರೇ, ಇದರಲ್ಲಿ ಗೇಲಿಗೆ ಸಿಕ್ಕವರು ಯಾರು? ಯೇಸುವಲ್ಲ, ತೋಮನೂ ಅಲ್ಲ. ಯೇಸು ತೋಮನಿಗೆ ಹೇಳಿದ್ದ ಮಾತನ್ನೇ ಅಡ್ಡ ಹಿಡಿದು ಪುಸ್ತಕ ಬಚ್ಚಿಟ್ಟ ಖಜಾಂಚಿ. ಈ ವ್ಯತ್ಯಾಸ ನಿಮ್ಮ ಪತ್ರದಲ್ಲಿ ಎಲ್ಲೂ ಕಾಣಲಿಲ್ಲ. ಸತ್ಯವೇದವನ್ನು ನನಗಿಂತ ಚೆನ್ನಾಗಿ ಬಲ್ಲವರು ನೀವು. ಬಾಳನೆಂಬ ದೇವರ ಪ್ರವಾದಿಗಳಿಗೆ ನಮ್ಮ ಪ್ರವಾದಿ ಎಲೀಯ ಏನಂದ? ಇನ್ನೂ ಜೋರಾಗಿ ಕೂಗಿ, ನಿಮ್ಮ ದೇವರು ಪ್ರಯಾಣ ಹೋಗಿರಬಹುದು, ಮಲಗಿರಬಹುದು ಅಂದ. ಸೊಳ್ಳೆ ಸೋಸಿ ಒಂಟೆ ನುಂಗುತ್ತೀರಿ ಅಂತ ಯೇಸು ಹೇಳಿದ್ದು ಊರಿನಲ್ಲೇ ಅತಿ ಭಕ್ತರು ಅನ್ನಿಸಿಕೊಂಡಿದ್ದವರಿಗೆ. ಕಲ್ಲ ನಾಗರಕ್ಕೆ ಹಾಲೆರೆಯುವವರನ್ನು ಬಸವಣ್ಣ ಚುಚ್ಚಿದ್ದನ್ನು ಶಾಲೆಯಲ್ಲೇ ಓದಿದವರು ನಾವು. ಅದರಿಂದ ಭಕ್ತಿ ಹಾಳಾಯಿತು ಅಂತ ಯಾರೂ ಅನ್ನಲಿಲ್ಲ, ಅಲ್ವಾ?

ಚಂದಾ ವಿಷಯದಲ್ಲಿ ನಿಮಗೊಬ್ಬರು ಜೊತೆಗಾರರಿದ್ದಾರೆ. 1941ರಲ್ಲಿ ಇಂಗ್ಲೆಂಡಿನ 'ದಿ ಗಾರ್ಡಿಯನ್' ಎಂಬ ಚರ್ಚ್ ವಾರಪತ್ರಿಕೆಯಲ್ಲಿ ಕ್ರೈಸ್ತ ಲೇಖಕ ಸಿ. ಎಸ್. ಲೂಯಿಸ್ ಬರೆದ 31 ಕಾಗದಗಳು ಬಂದವು. ಅನುಭವಿ ದೆವ್ವವೊಂದು ತನ್ನ ಸೋದರಳಿಯನಿಗೆ ಮನುಷ್ಯರನ್ನು ಕೆಡಿಸುವ ಉಪಾಯ ಹೇಳಿಕೊಡುವ ಕಾಗದಗಳು. ಚರ್ಚಿಗೆ ಹೋದವನ ಗಮನವನ್ನು ಪಕ್ಕದವರ ಕಿರುಗುಟ್ಟುವ ಬೂಟಿನ ಮೇಲೆ, ಅಪಸ್ವರದ ಹಾಡಿನ ಮೇಲೆ ಹರಿಸಿಬಿಡು, ಸಾಕು ಅನ್ನುತ್ತದೆ ಆ ದೆವ್ವ. ಹಳ್ಳಿಯ ಪಾದ್ರಿಯೊಬ್ಬರು ನನ್ನ ಚಂದಾ ನಿಲ್ಲಿಸಿ ಅಂತ ಸಂಪಾದಕರಿಗೆ ಬರೆದರು. ಕಾರಣ, ಇದರಲ್ಲಿನ ಬುದ್ಧಿವಾದ ತಪ್ಪು ಮಾತ್ರವಲ್ಲ, ಪೂರಾ ಸೈತಾನನದು! ಇದನ್ನು ನಿಮ್ಮನ್ನು ಹಂಗಿಸಲು ಹೇಳುತ್ತಿಲ್ಲ. ಆ ಪಾದ್ರಿ ಅಷ್ಟಾದರೂ ಮನಸ್ಸಿಟ್ಟು ಓದಿದ್ದರು, ನೀವೂ ಓದಿದ್ದೀರಿ. ಸುಮ್ನೆ ಪುಟ ತಿರುವುವವರು ನಾಲ್ಕು ಪುಟ ಬರೆಯುವುದಿಲ್ಲ.

ಹೊರಗಿನವರ ಮುಂದೆ ಮರ್ಯಾದೆ ಅಂದಿರಿ. ಇದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಮುಂಬಯಿಯಲ್ಲಿ ಕನ್ನಡಿಗರೇ ಕಮ್ಮಿ, ಅದರಲ್ಲಿ ಕ್ರೈಸ್ತರು ಇನ್ನೂ ಕಮ್ಮಿ. ಕಡಿಮೆ ಇರುವವರನ್ನು ಹೊರಗಿನವರು ನಿಂತು ನಕ್ಕರೆ ಅದು ಬೇರೆಯೇ ನೋವು. ಅಂಥ ಕತೆ ಬಂದಿದ್ದರೆ ವಾಪಸ್ ಕಳಿಸುತ್ತಿದ್ದೆ. ಇದನ್ನು ಬರೆದಾಕೆ ಇಂಥದೇ ಸಭೆಯಲ್ಲಿ ಬೆಳೆದವರು. ಈಗಲೂ ಭಾನುವಾರ ಕಾಯಿರ್‌ನಲ್ಲಿ ಹಾಡುತ್ತಾರೆ. ರೀಲ್ಸ್ ಜೋಕು ಸ್ವಲ್ಪ ಜಾಸ್ತಿಯಾಯಿತು ಅಂತ ನನಗೂ ಅನ್ನಿಸಿದೆ, ಅದು ಬೇರೆ ಮಾತು.

ಕತೆಯಲ್ಲಿ ಬರುವ ಮೇಣದ ಕಾಲಿನ ಭಾಗವನ್ನು ಮಾತ್ರ ದಯವಿಟ್ಟು ಇನ್ನೊಮ್ಮೆ ಓದಿ. ಬಡವರ ಭಕ್ತಿಗೆ ನಕ್ಕಿದ್ದಾರೆ ಅಂತ ನೀವು ಬರೆದಿದ್ದೀರಿ. ಸೆಪ್ಟೆಂಬರ್‌ನಲ್ಲಿ ಬಾಂದ್ರಾದ ಮೌಂಟ್ ಮೇರಿ ಜಾತ್ರೆಗೆ ಹೋದವರಿಗೆ ಆ ಅಂಗಡಿಗಳು ಗೊತ್ತು. ಹರಕೆಗೆ ಒಪ್ಪಿಸುವ ಮೇಣದ ಕೈ, ಕಾಲು, ಕೂಸು, ಮನೆ, ವಿಮಾನ ಕೂಡ. ಕತೆಯಲ್ಲಿ, ಇದೆಲ್ಲ ಕ್ಯಾಥಲಿಕರ ಮೂಢನಂಬಿಕೆ ಅಂತ ಬೆಳಿಗ್ಗೆ ಪ್ರಸಂಗದಲ್ಲಿ ಬೈದ ಪಾಸ್ಟರ್ ಸಭೆಯದೇ ಹೆಂಗಸು ಮಧ್ಯಾಹ್ನ ಗುಟ್ಟಾಗಿ ಬಂದು ಗಂಡನ ಮೊಣಕಾಲಿಗಾಗಿ ಚೌಕಾಸಿ ಮಾಡುತ್ತಾಳೆ. ಎಡಗಾಲು ಯಾವುದು, ಬಲಗಾಲು ಯಾವುದು ಅಂತ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾಳೆ. ಮಳೆ ಶುರುವಾಗುತ್ತದೆ. ತೋಮ ಬಂದು ಕೊಡೆ ಹಿಡಿಯುತ್ತಾನೆ, ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಲೆಕ್ಕಕ್ಕೆ ಪುರಾವೆ ಕೇಳುವವನು ಇಲ್ಲಿ ಪುರಾವೆ ಕೇಳುವುದಿಲ್ಲ. ನಾನು ಕತೆ ಒಪ್ಪಿಕೊಂಡದ್ದೇ ಈ ಅರ್ಧ ಪುಟಕ್ಕಾಗಿ.

ತೋಮನೆಂದರೆ ಅನುಮಾನದ ತೋಮ ಅಂತ ನಾವು ಹಣೆಪಟ್ಟಿ ಹಚ್ಚಿಬಿಟ್ಟಿದ್ದೇವೆ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ತೆಗೆಯಿರಿ. ಯೂದಾಯಕ್ಕೆ ಹೋದರೆ ಕಲ್ಲೆಸೆದು ಕೊಲ್ಲುತ್ತಾರೆ ಎಂದು ಉಳಿದವರು ಹಿಂಜರಿದಾಗ, ಹೋಗೋಣ, ನಾವೂ ಗುರುವಿನ ಜೊತೆ ಸಾಯೋಣ ಅಂದವನು ಇದೇ ತೋಮ. 14ರಲ್ಲಿ, ನೀನು ಎಲ್ಲಿಗೆ ಹೋಗ್ತೀಯೋ ನಮಗೆ ಗೊತ್ತಿಲ್ಲ, ದಾರಿ ಹೇಗೆ ತಿಳಿಯೋದು ಅಂತ ಕೇಳಿದವನೂ ಅವನೇ. 20ರಲ್ಲಿ ಅವನ ಅನುಮಾನಕ್ಕೆ ಯೇಸು ಬಾಗಿಲು ತೋರಿಸಲಿಲ್ಲ, ಗಾಯ ತೋರಿಸಿದ. ಕತೆಯಲ್ಲಿ ಲೆಕ್ಕ ಕೇಳಿದವನಿಗೆ ಸಭೆಯ ಕಮಿಟಿ ಬಾಗಿಲು ತೋರಿಸಿತು. ಮಕ್ಕಳಲ್ಲಿ ಅನುಮಾನ ಹುಟ್ಟಿಸುವುದು ಯಾವುದು ಅಂತ ಕೇಳಿದರೆ, ಕತೆಗಿಂತ ಮೊದಲು ನಾನು ಆ ಕಮಿಟಿಯನ್ನೇ ಹೆಸರಿಸುತ್ತೇನೆ.

ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ: ಮೊಮ್ಮಗಳು ಕತೆ ಓದಿ ಬಿದ್ದೂ ಬಿದ್ದೂ ನಕ್ಕಳು, ಆಮೇಲೆ "ಅಜ್ಜಾ, ಕೊನೆಗೆ ಪುಸ್ತಕ ತೋರಿಸಿದ್ರಾ ಇಲ್ವಾ?" ಅಂತ ಕೇಳಿದಳು, ನಿಮಗೆ ಉತ್ತರ ಹೊಳೆಯಲಿಲ್ಲ. ನಾನು ಇದನ್ನೇ ಲೇಖಕಿಗೆ ಫೋನ್ ಮಾಡಿ ಕೇಳಿದೆ. "ನಮ್ಮ ಸಭೆಯಲ್ಲಿ ಇನ್ನೂ ತೋರಿಸಿಲ್ಲ ಸರ್, ತೋರಿಸಿದ ಮೇಲೆ ಬರೀತೀನಿ" ಅಂದರು.