ತೋಟ ಬಲ್ಲ ಹುಡುಗಿಗೆ ಅಂಕ ಏಕೆ ಬರಲಿಲ್ಲ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕಾಸರಗೋಡಿನ ಒಳನಾಡಿನ ಹುಡುಗಿ. ಹತ್ತನೆಯವರೆಗೂ ಕನ್ನಡ ಮಾಧ್ಯಮ. ಪ್ಲಸ್ ವನ್‌ಗೆ (ಹನ್ನೊಂದನೇ ತರಗತಿ) ವೊಕೇಶನಲ್ ಹೈಯರ್ ಸೆಕೆಂಡರಿಯಲ್ಲಿ, ಅಂದರೆ ವೃತ್ತಿಶಿಕ್ಷಣದಲ್ಲಿ, ಸೂಕ್ಷ್ಮ ನೀರಾವರಿ (ಹನಿ, ತುಂತುರು ನೀರಾವರಿ) ವಿಷಯ ಆರಿಸಿಕೊಂಡಿದ್ದಳು. ಓಣಂ ಹಬ್ಬದ ಹೊತ್ತಿನ ಮೊದಲ ಅವಧಿಯ ಪರೀಕ್ಷೆಯಲ್ಲಿ ಆ ವಿಷಯದಲ್ಲೇ ತೀರಾ ಕಡಿಮೆ ಅಂಕ.

"ಅವಳಿಗೆ ಆಸಕ್ತಿಯೇ ಇಲ್ಲ ಟೀಚರೇ. ಈ ವರ್ಷ ಬಿಡಿಸಿ ಮುಂದಿನ ವರ್ಷ ಕಾಮರ್ಸ್‌ಗೆ ಅರ್ಜಿ ಹಾಕುತ್ತೇವೆ" ಎಂದರು ತಾಯಿ.

ಹುಡುಗಿಗೆ ಹಾಳೆ ಕೊಟ್ಟು, ಮನೆಯ ಅಡಿಕೆ ತೋಟಕ್ಕೆ ನೀರು ಹೋಗುವ ದಾರಿಯನ್ನು ಬಿಡಿಸಲು ಹೇಳಿದೆ. ಸುರಂಗದ (ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಬಾವಿ) ನೀರು ಬಂದು ಬೀಳುವ ಕೆರೆ, ಪಂಪು, ಫಿಲ್ಟರ್, ಗೇಟ್ ವಾಲ್ವ್, ನೀರು ಚಿಮ್ಮಿಸುವ ಸಾಲು ಸಾಲು ಜೆಟ್. ಕೆಳಗಿನ ತಟ್ಟಿನಲ್ಲಿ ಒತ್ತಡ ಜಾಸ್ತಿಯಾಗಿ ಮೇಲಿನ ಸಾಲಿಗೆ ನೀರು ಹಾರುವುದಿಲ್ಲ, ಆದ್ದರಿಂದ ಕೆಳಗಿನ ವಾಲ್ವ್ ಸ್ವಲ್ಪ ಮುಚ್ಚಬೇಕು ಎಂದು ಬಾಣ ಹಾಕಿ ತೋರಿಸಿದಳು. ಫಿಲ್ಟರಿನ ಜಾಲರಿ ತೊಳೆಯದಿದ್ದರೆ ಜೆಟ್ ಕಟ್ಟಿಕೊಳ್ಳುತ್ತದೆ, ಪೈಪಿನ ತುದಿಯ ಮುಚ್ಚಳ ತೆಗೆದು ಕೆಸರು ಹೊರಬಿಡಬೇಕು ಎಂದೂ ಹೇಳಿದಳು. ಪರೀಕ್ಷೆಯಲ್ಲಿ ಕೇಳಿದ್ದೂ ಇದನ್ನೇ. ಉತ್ತರ ಎರಡೇ ಸಾಲು.

ಪುಸ್ತಕ ಇಂಗ್ಲಿಷಿನದು, ತರಗತಿಯ ವಿವರಣೆ ಮಲಯಾಳದಲ್ಲಿ. ಸಂಶಯ ಕೇಳಲು ಸಂಕೋಚ. ಸಾಲದ್ದಕ್ಕೆ ಬಂಧುವೊಬ್ಬರು "ಪೈಪು ಜೋಡಿಸಲು ಶಾಲೆಗೆ ಹೋಗಬೇಕೇ?" ಎಂದು ಎಲ್ಲರೆದುರು ನಕ್ಕಿದ್ದರು. ಅಂದಿನಿಂದ ಪುಸ್ತಕ ಮುಟ್ಟಲು ಮನಸ್ಸಾಗಲಿಲ್ಲವಂತೆ. ಇಂಥ ಮಾತು ಮಕ್ಕಳ ಕಲಿಕೆಯನ್ನು ಎಷ್ಟು ಕೆಡಿಸುತ್ತದೆಂದು ಹಿರಿಯರು ಯೋಚಿಸುವುದೇ ಇಲ್ಲ.

ಅವಳಿಗೆ ಹೇಳಿದ್ದು: ಪ್ರಾಯೋಗಿಕ ತರಗತಿಯಲ್ಲಿ ಮಾಡಿದ್ದನ್ನು ಅಂದೇ ಕನ್ನಡದಲ್ಲಿ ಬರೆ, ಚಿತ್ರ ಬಿಡಿಸು. ಭಾಗಗಳ ಇಂಗ್ಲಿಷ್ ಹೆಸರನ್ನು ಚಿತ್ರದ ಮೇಲೆಯೇ ಗುರುತಿಸು, ಆಮೇಲೆ ಉತ್ತರವನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು ಅಧ್ಯಾಪಕರಿಗೆ ತೋರಿಸು.

ತಾಯಿಗೆ ಮನವರಿಕೆ ಮಾಡಲು ಹೆಚ್ಚು ಹೊತ್ತು ಬೇಕಾಯಿತು. ಈ ಶಿಕ್ಷಣ ಕೇರಳದಲ್ಲಿ 1983-84ರಿಂದಲೂ ಇದೆ, ಇದರಲ್ಲಿ ಪಾಸಾದರೆ ಪ್ಲಸ್ ಟುಗೆ ಸಮ, ಪದವಿಗೂ ಸೇರಬಹುದು ಎಂದು ವಿವರಿಸಿದೆ. ಮಗಳು ಬಿಡಿಸಿದ ಚಿತ್ರವನ್ನು ಅವರ ಕೈಗೆ ಕೊಟ್ಟೆ. "ಇದೆಲ್ಲ ಇವಳಿಗೆ ಗೊತ್ತುಂಟಾ?" ಎಂದು ಕೇಳಿದರು.

ವೃತ್ತಿ ವಿಷಯದ ಅಧ್ಯಾಪಕರು ಪಾಠದ ಪದಪಟ್ಟಿಯನ್ನು ಮುಂಚಿತವಾಗಿ ಕೊಡಲು ಒಪ್ಪಿದ್ದಾರೆ. ಶಾಲೆ ಬಿಡಿಸುವ ಮಾತನ್ನು ಕ್ರಿಸ್‌ಮಸ್ ಪರೀಕ್ಷೆಯವರೆಗೆ ಎತ್ತುವುದಿಲ್ಲವೆಂದು ತಾಯಿ ಒಪ್ಪಿದ್ದಾರೆ. ರಸಾಯನಶಾಸ್ತ್ರದಲ್ಲಿ ಅವಳು ನಿಜಕ್ಕೂ ಹಿಂದಿದ್ದಾಳೆ; ಅದಕ್ಕೆ ಬೇರೆಯೇ ಸಹಾಯ ಬೇಕು, ಮುಂದಿನ ಭೇಟಿಯಲ್ಲಿ ಅದನ್ನು ಎತ್ತಿಕೊಳ್ಳುತ್ತೇವೆ.