ನಾಯಿ ಆರಾಮಾಗಿದೆ, ಸೂಜಿ ಯಾಕೆ?

ಪ್ರಶ್ನೆ: ಮಕ್ಕಳಿಗೆ ನಾಯಿ ಕಚ್ಚಿದರೆ ನಮ್ಮೂರಲ್ಲಿ ಗಾಯಕ್ಕೆ ಸುಣ್ಣ, ಖಾರದಪುಡಿ ಹಚ್ಚುತ್ತಾರೆ. ದವಾಖಾನೆಯಲ್ಲಿ ಎರಡೂ ತೋಳಿಗೆ ಸೂಜಿ ಮಾಡಿ, ‘ಗಾಯಕ್ಕೂ ಒಂದು ಸೂಜಿ ಬೇಕು, ಕಲಬುರಗಿಗೆ ಹೋಗ್ರಿ’ ಎನ್ನುತ್ತಾರೆ. ಕಚ್ಚಿದ ನಾಯಿ ಓಣಿಯಲ್ಲಿ ಆರಾಮಾಗಿ ತಿರುಗುತ್ತಿದ್ದರೂ ಹೋಗಬೇಕೆ?
– ಓದುಗರೊಬ್ಬರು, ಆಳಂದ ತಾಲ್ಲೂಕು

ಉತ್ತರ: ಹೋಗಲೇಬೇಕು, ಅದೂ ಅವತ್ತೇ. ಭಯ ಇರುವುದು ರೇಬಿಸ್‌ನದು, ಅಂದರೆ ಹುಚ್ಚುನಾಯಿ ರೋಗದ್ದು. ರಕ್ತ ಬಂದ ಗಾಯಕ್ಕೆ ತೋಳಿನ ಲಸಿಕೆಯೊಂದೇ ಸಾಲದು. ಲಸಿಕೆಯಿಂದ ಮೈಯಲ್ಲಿ ರೋಗನಿರೋಧಕ ಹುಟ್ಟಲು ಒಂದೆರಡು ವಾರ ಬೇಕು. ಅಷ್ಟರಲ್ಲಿ ರೇಬಿಸ್ ವೈರಸ್ ನರ ಹಿಡಿದು ಮೆದುಳಿನತ್ತ ಹೊರಟಿರುತ್ತದೆ. ಮುಖ, ಕುತ್ತಿಗೆ, ಬೆರಳಿನ ಗಾಯವಾದರೆ ಅಪಾಯ ಇನ್ನೂ ಹೆಚ್ಚು. ಗಾಯಕ್ಕೆ ಕೊಡುವ ಇಮ್ಯುನೊಗ್ಲೋಬುಲಿನ್ ಸಿದ್ಧ ರೋಗನಿರೋಧಕ, ವೈರಸ್ಸನ್ನು ಅಲ್ಲೇ ತಡೆಯುತ್ತದೆ. ಕುದುರೆಯ ರಕ್ತದಿಂದ ತಯಾರಿಸಿದ್ದಾದರೆ ಕಿಲೋಗೆ 40 ಯೂನಿಟ್, ಮನುಷ್ಯರದ್ದಾದರೆ 20. 18 ಕಿಲೋ ತೂಗುವ ಮಗುವಿಗೆ 720 ಅಥವಾ 360 ಯೂನಿಟ್ ಮೀರಬಾರದು. ಗಾಯಗಳು ಹೆಚ್ಚಿದ್ದು ಔಷಧ ಸಾಲದಿದ್ದರೆ ಸಲೈನ್ ಬೆರೆಸಿ ಎಲ್ಲ ಗಾಯಕ್ಕೂ ಮುಟ್ಟಿಸುತ್ತಾರೆ. ಮೊದಲ ಲಸಿಕೆಯಾಗಿ 7 ದಿನ ದಾಟಿದರೆ ಇದನ್ನು ಕೊಡುವುದಿಲ್ಲ.

ಲಸಿಕೆಯನ್ನು ಚರ್ಮದೊಳಗೆ ಕೊಡುವುದಾದರೆ 0 (ಮೊದಲ ಸೂಜಿಯ ದಿನ), 3, 7, 28ನೇ ದಿನ, ಪ್ರತಿ ತೋಳಿಗೆ 0.1 ಮಿ.ಲೀ. ಜಾತ್ರೆ, ಕೊಯ್ಲು ಅಂತ ಒಂದು ದಿನ ತಪ್ಪಿದರೆ ಮರುದಿನವೇ ಹೋಗಿ. ಮೊದಲಿನಿಂದ ಶುರು ಮಾಡಬೇಕಿಲ್ಲ. ನಾಯಿಯನ್ನು 10 ದಿನ ಗಮನಿಸಿ ಸರಿ, ಆದರೆ ಸೂಜಿ ಮಾಡಿಸಿಕೊಂಡು ಗಮನಿಸಿ. ಅಷ್ಟು ದಿನವೂ ಅದು ಆರೋಗ್ಯವಾಗಿದ್ದರೆ ಮುಂದಿನ ಡೋಸಿನ ಮಾತು ವೈದ್ಯರಿಗೆ ಬಿಡಿ.

ಇನ್ನು ಸುಣ್ಣ, ಖಾರ: ಗಾಯ ಕೆರಳಿ ವೈರಸ್ ನರಕ್ಕೆ ತಲುಪುವುದು ಸುಲಭವಾಗುತ್ತದೆ, ಅಷ್ಟೇ. ವೈರಸ್ಸಿನ ಮೇಲಿನ ಕೊಬ್ಬಿನ ಪದರವನ್ನು ಕರಗಿಸುವುದು ಸೋಪು. ನಲ್ಲಿ ಅಥವಾ ಚರಿಗೆಯಿಂದ ನೀರು ಬಿಡುತ್ತಾ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ, ಹೆಚ್ಚಿನವರು ಎರಡೇ ನಿಮಿಷಕ್ಕೆ ಮುಗಿಸುತ್ತಾರೆ. ಕಚ್ಚಿ ಕೆಲವು ತಾಸಾಗಿದ್ದರೂ ತೊಳೆಯಿರಿ. ಪಟ್ಟಿ ಕಟ್ಟಬೇಡಿ.

ಪ್ರಶ್ನೆ: ಎಮ್ಮೆ ಮೇವು ಬಿಟ್ಟು, ಜೊಲ್ಲು ಸುರಿಸಿ, ಗಂಟಲು ಒಡೆದಂತೆ ಒದರುತ್ತಿತ್ತು. ಏನೋ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಿದ್ದೆ. ನಾಲ್ಕು ದಿನಕ್ಕೆ ಸತ್ತಿತು. ಹಿಂದೆ ನಾಯಿ ಕಚ್ಚಿತ್ತಂತೆ. ಅದರ ಹಾಲು ಮನೆಯವರೆಲ್ಲ ಕುಡಿದಿದ್ದೇವೆ.
– ಭಾಲ್ಕಿ ಕಡೆಯ ರೈತರು

ಉತ್ತರ: ಎಮ್ಮೆಗೂ ರೇಬಿಸ್ ಬಂದಿರಬಹುದು. ಹಾಲಿಗಿಂತ ಕೈಯ ಚಿಂತೆ ಮಾಡಿ. ಹೊಲದ ಕೆಲಸದ ಕೈಗೆ ಬಿರುಕು, ಮುಳ್ಳು ಗೀರು ಇದ್ದೇ ಇರುತ್ತವೆ; ಅಲ್ಲಿ ಜೊಲ್ಲು ತಾಗಿದರೆ ಕಡಿತದಷ್ಟೇ ಅಪಾಯ. ದಿನ ಕಳೆದಿದೆ ಅಂತ ಬಿಡಬೇಡಿ, ಇದನ್ನು ಓದಿದ ದಿನವೇ ದವಾಖಾನೆಗೆ ಹೋಗಿ. ಕೈ ಹಾಕಿದವರು, ಗೊಟ್ಟದಲ್ಲಿ ಔಷಧ ಕುಡಿಸಿದವರು ಎಲ್ಲರೂ ಹೋಗಬೇಕು. ಕಾಯಿಸಿದ ಹಾಲಿನಿಂದ ಭಯವಿಲ್ಲ. ಹಸಿ ಹಾಲು ಕುಡಿದವರಿದ್ದರೆ ವೈದ್ಯರಿಗೆ ಹೇಳಿ.

ಮುಂದೆ ಯಾವ ದನ ನುಂಗಲಾರದೆ ಜೊಲ್ಲು ಸುರಿಸಿದರೂ ಬರಿಗೈ ಹಾಕಬೇಡಿ. ಬೇರೆ ಕಟ್ಟಿ, ದನದ ಡಾಕ್ಟರನ್ನು ಕರೆಯಿರಿ. ಸತ್ತದ್ದರ ಚರ್ಮ ಸುಲಿಯಬಾರದು. ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಅದೇ ನಾಯಿ ಬೇರೆ ದನಕ್ಕೆ ಕಚ್ಚಿದ್ದರೆ ಗಾಯ ತೊಳೆದು 0, 3, 7, 14, 28ನೇ ದಿನ ಲಸಿಕೆ ಹಾಕಿಸಿ. ಲಕ್ಷಣ ಕಂಡ ಮೇಲೆ ಲಸಿಕೆ ದಂಡ.

ಪ್ರಶ್ನೆ: ಊರ ನಾಯಿಗಳನ್ನೆಲ್ಲ ಹೊಡೆದು ಹಾಕಿದರೆ ಮುಗಿಯಲಿಲ್ಲವೆ?
– ಶಹಾಪುರದಿಂದ

ಉತ್ತರ: ಮುಗಿಯುವುದಿಲ್ಲ. ಕಾನೂನು ಒಪ್ಪುವುದಿಲ್ಲ ಎಂಬುದು ಒಂದು. ಖಾಲಿಯಾದ ಜಾಗಕ್ಕೆ ಪಕ್ಕದೂರಿನ ಲಸಿಕೆಯಿಲ್ಲದ ನಾಯಿ ಬರುತ್ತದೆ ಎಂಬುದು ಇನ್ನೊಂದು. 100ರಲ್ಲಿ 70 ನಾಯಿಗೆ ಪ್ರತಿ ವರ್ಷ ಲಸಿಕೆಯಾದರೆ ರೋಗದ ಸರಪಳಿ ಕಡಿಯುತ್ತದೆ. ಲಸಿಕೆ ಹಾಕಿದ ನಾಯಿಗೆ ಬಣ್ಣ ಬಳಿಯಿರಿ. ಮರುದಿನ ನಸುಕಿನಲ್ಲಿ ಓಣಿ ಸುತ್ತಿ ಬಣ್ಣ ಇದ್ದವು ಎಷ್ಟು, ಇಲ್ಲದವು ಎಷ್ಟು ಎಂದು ಎಣಿಸಿ. 70 ಮುಟ್ಟದಿದ್ದರೆ ಉಳಿದವನ್ನು ಬಲೆ ಹಾಕಿ ಹಿಡಿದು ಲಸಿಕೆ ಹಾಕಬೇಕು. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಐಸ್ ಡಬ್ಬಿ ಬಿಸಿಲಿಗಿಟ್ಟರೆ ಕೆಟ್ಟಿತು. ಬಾಟಲಿಯನ್ನು ನೇರ ಐಸಿಗೆ ತಾಗಿಸಿ ಹೆಪ್ಪುಗಟ್ಟಿಸಿದರೂ ಕೆಟ್ಟಿತು.